ಜಿಜ್ಞಾಸೆಯ ಹಾದಿಯಲ್ಲಿ ಅಲ್ಲಮಪ್ರಭುದೇವರು

ಹುಟ್ಟುವುದು, ಬೆಳೆಯುವುದು, ಅಳಿಯುವುದು ಸಕಲ ಜೀವಕೋಟಿಗೂ ಸಮಾನವಾದುದು. ಆದರೆ ತಾನೇಕೆ ಹುಟ್ಟಿದೆ, ಪ್ರಿಯವಾದುದೇಕೆ ಅಳಿಯಿತು, ಅಳಿದ ಮೇಲೆ ಉಳಿಯುವುದೇನು ಎಂದು ಕೇಳಿಕೊಳ್ಳುವ ಹೊರೆ ಮನುಷ್ಯನ ಪಾಲಿಗೆ ಬಂದಿದೆ. ಈ ಪ್ರಶ್ನೆಗೆ ಒಂದೊಂದು ಕಾಲದ ಜನರು ಒಂದೊಂದು ಬಗೆಯಲ್ಲಿ ಉತ್ತರ ಕಂಡುಕೊಂಡಿದ್ದಾರೆ. ಅದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಶಾಲೆಯ ಮಕ್ಕಳು ದಿನವೂ ಓಡಾಡುವ ಈ ಉತ್ತರ ಬೆಂಗಳೂರಿನ ನೆಲದಲ್ಲಿಯೇ ಸಾಕ್ಷಿಯಿದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುತ್ತಿದ್ದಾಗ ವೀರಗಲ್ಲೊಂದು ಬೆಳಕಿಗೆ ಬಂದಿತು. ಗಂಗದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ಶಾಸನವು ದಾಳಿಯನ್ನು ಎದುರಿಸಿ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ. ನಾಡಿಗಾಗಿ ಮಡಿದವನು ದೇವಲೋಕವನ್ನು ಸೇರುತ್ತಾನೆ, ಅವನ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ ಎಂಬುದು ವೀರಗಲ್ಲುಗಳನ್ನು ನೆಟ್ಟ ಜನರ ನಂಬಿಕೆಯಾಗಿತ್ತು. ಸಾವಿಗೆ ಒಂದು ಅರ್ಥವನ್ನು ಕೊಡುವ ಈ ಪ್ರಯತ್ನವು ಗೌರವಾರ್ಹವಾದುದೇ ಸರಿ.

ಆದರೆ ಎಲ್ಲರ ಸಾವೂ ರಣರಂಗದ ಸಾವಲ್ಲ. ಜ್ವರ ಬಂದು ನರಳಿ ಕಣ್ಮುಚ್ಚುವ ಎಳೆಯ ಹೆಂಡತಿಗೆ ವೀರಗಲ್ಲು ನಿಲ್ಲಿಸುವವರಿಲ್ಲ. ಅವಳನ್ನು ಕಳೆದುಕೊಂಡವನಿಗೆ ವೀರಸ್ವರ್ಗದ ಮಾತು ಸಮಾಧಾನವನ್ನು ತರಲಾರದು. ಅಂಥ ಒಂದು ಸಾಮಾನ್ಯವಾದ ಸಾವಿನ ದುಃಖದಿಂದ ಹೊರಟು, ಕನ್ನಡ ನಾಡಿನ ಅತ್ಯಂತ ಗಹನವಾದ ಜಿಜ್ಞಾಸೆಗೆ ಒಡೆಯರಾದ ಮಹಾನುಭಾವರು ಅಲ್ಲಮಪ್ರಭುದೇವರು. 12ನೆಯ ಶತಮಾನದ ಶರಣ ಸಮೂಹದಲ್ಲಿ ಬಸವಣ್ಣನವರನ್ನು ಭಕ್ತಿಗೂ, ಚನ್ನಬಸವಣ್ಣನವರನ್ನು ಜ್ಞಾನಕ್ಕೂ, ಪ್ರಭುದೇವರನ್ನು ವೈರಾಗ್ಯಕ್ಕೂ ನಿದರ್ಶನವಾಗಿ ಹೇಳುವ ವಾಡಿಕೆಯಿದೆ. ವೈರಾಗ್ಯವೆಂದರೆ ಬದುಕಿಗೆ ಬೆನ್ನು ತಿರುಗಿಸುವುದೆಂಬ ತಿಳಿವಳಿಕೆಯೂ ಸಾಮಾನ್ಯವಾಗಿದೆ. ಪ್ರಭುದೇವರ ಚರಿತ್ರೆಯನ್ನು ಸಾವಧಾನವಾಗಿ ಓದಿದವರಿಗೆ ಕಾಣುವುದು ಇದಕ್ಕೆ ವ್ಯತಿರಿಕ್ತವಾದ ಚಿತ್ರ. ಅವರು ತೋಟಿಗನ ಬಳಿಗೆ, ಅಳುತ್ತಿರುವ ಹೆಣ್ಣುಮಗಳ ಬಳಿಗೆ, ಕೆರೆ ಕಟ್ಟಿಸುವವರ ಬಳಿಗೆ, ಮಂತ್ರಿಯ ಮಹಾಮನೆಗೆ ತಾವಾಗಿಯೇ ನಡೆದು ಹೋದವರು. ಬದುಕಿನ ತೊಡಕನ್ನು ಅರಿಯಲು ಅವರು ಹಿಡಿದ ದಾರಿ ಇದು.

ಪ್ರಭುದೇವರ ಹುಟ್ಟೂರು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಇಂದು ಸಣ್ಣ ಗ್ರಾಮವಾಗಿ ಉಳಿದಿರುವ ಈ ಊರು ಕಲ್ಯಾಣದ ಚಾಲುಕ್ಯರ ಹಾಗೂ ಕಲಚುರಿಗಳ ಕಾಲದಲ್ಲಿ ಬನವಾಸಿ ನಾಡಿನ ಹಿರಿಯ ಪಟ್ಟಣವಾಗಿತ್ತು. ಶೈವ, ಜೈನ, ಬೌದ್ಧ, ವೈಷ್ಣವ ನೆಲೆಗಳು ಅಲ್ಲಿ ಒಂದರ ಮಗ್ಗುಲಲ್ಲಿ ಒಂದಿದ್ದವು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಆಚಾರ್ಯರ ಪ್ರಖ್ಯಾತ ವಿದ್ಯಾಕೇಂದ್ರ. 1162ರ ಶಾಸನವೊಂದು ಆ ಮಠದ ವೈಭವವನ್ನು ಸವಿಸ್ತಾರವಾಗಿ ಬಣ್ಣಿಸಿದೆ. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧಾದಿ ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಇವೆಲ್ಲವುಗಳ ವ್ಯಾಖ್ಯಾನ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು, ಗಾಯಕರಿಗೂ ವಾದ್ಯಗಾರರಿಗೂ ನರ್ತಕರಿಗೂ ಊಟವಿತ್ತು. ವಿದ್ಯಾದಾನ, ಅನ್ನದಾನ, ಔಷಧದಾನಗಳನ್ನು ಒಂದೇ ಸೂರಿನಡಿ ನಡೆಸುವ ಮಠದ ಪರಂಪರೆ ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಈ ಶಾಸನವೇ ಪ್ರಮಾಣ.

ಇಂಥ ಊರಿನಲ್ಲಿ, ಹಾಡು ಕುಣಿತ ವಾದ್ಯಗಳನ್ನು ದೇವರ ಸೇವೆಯಾಗಿ ನಡೆಸುವ ಮನೆತನದಲ್ಲಿ ಅಲ್ಲಮನು ಹುಟ್ಟಿದನೆಂದು ಹರಿಹರ ಕವಿಯು ತನ್ನ ಪ್ರಭುದೇವರ ರಗಳೆಯಲ್ಲಿ ಹೇಳುತ್ತಾನೆ. ಶರಣರ ಯುಗಕ್ಕೆ ತೀರ ಸಮೀಪದವನಾದ ಹರಿಹರನ ಈ ರಗಳೆಯು ಪ್ರಭುದೇವರ ಚರಿತ್ರೆಗೆ ನಮಗಿರುವ ಹಿರಿಯ ಆಧಾರಗಳಲ್ಲೊಂದು. ಅವನ ಕಥನದಲ್ಲಿ ಅಲ್ಲಮನು ಮದ್ದಳೆ ಬಾರಿಸುವುದರಲ್ಲಿ ನಿಪುಣನಾದ ಚೆಲುವ ತರುಣ. ಕಮಲತೆಯೆಂಬ ಕನ್ಯೆಯನ್ನು ಒಲಿದು ಮದುವೆಯಾಗುತ್ತಾನೆ. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಬೇರೆ ಲೋಕವೇ ಇಲ್ಲ. ಆ ಸುಖ ಬಹುಕಾಲ ಉಳಿಯಲಿಲ್ಲ. ಕಮಲತೆಗೆ ಜ್ವರ ಬಂದಿತು. ಅದರಲ್ಲಿಯೇ ಅವಳು ತೀರಿಕೊಂಡಳು.

ಹೆಂಡತಿಯನ್ನು ಕಳೆದುಕೊಂಡ ಅಲ್ಲಮನ ದುಃಖವನ್ನು ಹರಿಹರನು ಮರೆಮಾಚುವುದಿಲ್ಲ. ಮುಂದೆ ಜಗದ್ಗುರುವಾಗಲಿರುವವನು ಹೀಗೆ ಅಳಬಹುದೇ ಎಂಬ ಸಂಕೋಚ ಆ ಕವಿಗಿಲ್ಲ. ಅಲ್ಲಮನು ಮರುಳನಂತೆ ಅಲೆಯುತ್ತಾನೆ. ಕಂಡ ಕಂಡಲ್ಲಿ ಕಮಲತೆಯನ್ನು ಅರಸುತ್ತಾನೆ. ಷಡ್ದರ್ಶನಗಳನ್ನು ವ್ಯಾಖ್ಯಾನಿಸುವ ಪಂಡಿತರು ಅದೇ ಊರಿನಲ್ಲಿದ್ದರು. ರೋಗಿಗಳಿಗೆ ಮದ್ದು ಕೊಡುವ ಮಠವೂ ಇತ್ತು. ಆದರೆ ಶಾಸ್ತ್ರವು ಸಾವು ಎಂಬ ಸಾಮಾನ್ಯ ಸಂಗತಿಯನ್ನು ವಿವರಿಸಬಲ್ಲುದೇ ಹೊರತು, ಈ ಒಬ್ಬಳೇ ಏಕೆ, ಈ ಹೊತ್ತೇ ಏಕೆ ಎಂಬ ಎದೆಯ ಕೇಳ್ವಿಗೆ ಉತ್ತರ ಕೊಡಲಾರದು. ಶಾಕ್ಯ ಕುಲದ ಸಿದ್ಧಾರ್ಥನು ಮುದುಕನನ್ನೂ ರೋಗಿಯನ್ನೂ ಶವವನ್ನೂ ದಾರಿಯಲ್ಲಿ ಕಂಡು ಮನೆ ಬಿಟ್ಟನೆಂದು ಪ್ರತೀತಿ. ಸಿದ್ಧಾರ್ಥನು ಕಂಡದ್ದು ಪರರ ಸಾವು. ಅಲ್ಲಮನಿಗೆ ಆ ದೂರವೂ ಇರಲಿಲ್ಲ. ಮೃತ್ಯುವು ಅವನ ಮನೆಯೊಳಗೇ ಬಂದಿತ್ತು.

ಒಂದು ದಿನ ಅಲ್ಲಮನು ಊರ ಹೊರಗಿನ ತೋಟದಲ್ಲಿ ತಲೆ ತಗ್ಗಿಸಿ ಕುಳಿತು, ಏನೂ ತೋಚದೆ ಕಾಲ ಉಗುರಿನಿಂದ ನೆಲವನ್ನು ಕೆದಕುತ್ತಿದ್ದನು. ಮಣ್ಣಿನಡಿಯಲ್ಲಿ ಹೊಳೆಯುವುದೇನೋ ಕಾಣಿಸಿತು. ಅದು ಹೂತುಹೋಗಿದ್ದ ಗುಡಿಯೊಂದರ ಹೊನ್ನ ಕಳಶ. ನೆಲವನ್ನು ಅಗೆಯಿಸಿ, ಬಾಗಿಲನ್ನು ತೆರೆದು ಒಳಹೊಕ್ಕಾಗ, ಅಂಗೈಯಲ್ಲಿ ಲಿಂಗವನ್ನು ಹಿಡಿದು ಎವೆಯಿಕ್ಕದೆ ನೋಡುತ್ತ ಕುಳಿತಿದ್ದ ಅನಿಮಿಷಯ್ಯನೆಂಬ ಯೋಗಿಯ ದರ್ಶನವಾಯಿತು. ಯೋಗಿಯು ಮಾತನಾಡಲಿಲ್ಲ. ಆ ಲಿಂಗವು ಅಲ್ಲಮನ ಕೈಗೆ ಬಂದಿತು. ಅನಿಮಿಷಯ್ಯನ ಪ್ರಾಣವು ಬಯಲಾಯಿತು. ಪ್ರಭುದೇವರ ವಚನಗಳ ಅಂಕಿತವಾದ ಗುಹೇಶ್ವರ ಎಂಬ ಹೆಸರಿಗೂ ನೆಲದಡಿಯ ಈ ಗುಡಿಗೂ ಸಂಬಂಧವಿದೆಯೆಂದು ಹಲವರು ಭಾವಿಸಿದ್ದಾರೆ.

ಈ ಪ್ರಸಂಗದಲ್ಲಿ ವಿಚಾರ ಮಾಡತಕ್ಕ ಅಂಶಗಳು ಎರಡು. ಮೊದಲನೆಯದು, ಅಲ್ಲಮನು ಅರಿವನ್ನು ಅರಸಿಕೊಂಡು ಆ ತೋಟಕ್ಕೆ ಹೋಗಿರಲಿಲ್ಲ. ದುಃಖದ ಭಾರದಿಂದ ಬಗ್ಗಿದ ತಲೆ, ಗುರಿಯಿಲ್ಲದೆ ನೆಲ ಕೆದಕಿದ ಕಾಲು, ಇವೇ ಅವನನ್ನು ಆ ಕಳಶದ ಬಳಿಗೆ ಒಯ್ದವು. ಎರಡನೆಯದು, ಅಲ್ಲಿ ಅವನಿಗೆ ಉಪದೇಶವಾಗಲಿಲ್ಲ. ಕಮಲತೆ ಏಕೆ ಸತ್ತಳೆಂದು ಯಾರೂ ವಿವರಿಸಲಿಲ್ಲ. ಲಿಂಗವನ್ನು ಪಡೆದ ಗಳಿಗೆಯಲ್ಲಿಯೇ ಅವನು ಮತ್ತೊಂದು ಸಾವನ್ನೂ ಕಂಡನು. ಆ ಸಾವಿನಲ್ಲಿ ಭಯವಿರಲಿಲ್ಲ, ಕೊರತೆಯಿರಲಿಲ್ಲ. ಕಮಲತೆಯ ಸಾವು ಎತ್ತಿದ ಪ್ರಶ್ನೆಗೆ ಅನಿಮಿಷಯ್ಯನ ಸಾವು ಮೌನದಲ್ಲಿಯೇ ಮರುನುಡಿಯಿತೆಂದು ಹೇಳಬಹುದು. ಅಲ್ಲಿಂದ ಹೊರಬಂದ ಅಲ್ಲಮನನ್ನು ಲೋಕವು ಪ್ರಭುದೇವರೆಂದು ಕರೆಯಿತು.

ಹರಿಹರನ ಈ ಕಥನವನ್ನು ಮುಂದಿನವರೆಲ್ಲ ಒಪ್ಪಲಿಲ್ಲ. 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. 25 ಗತಿಗಳ ಆ ಭಾಮಿನೀ ಷಟ್ಪದಿ ಕಾವ್ಯದಲ್ಲಿ ಪ್ರಭುದೇವರು ಮದುವೆಯಾದ ಮನುಷ್ಯರಲ್ಲ. ಹುಟ್ಟಿನಿಂದಲೇ ನಿರ್ಲಿಪ್ತರಾದ ಪರಶಿವಸ್ವರೂಪರು. ನಿರಹಂಕಾರ ಮತ್ತು ಸುಜ್ಞಾನಿಯರು ಅವರ ತಂದೆತಾಯಿಗಳು. ಮಮಕಾರ ಮತ್ತು ಮೋಹಿನಿಯರ ಮಗಳಾಗಿ ಬನವಾಸಿಯಲ್ಲಿ ಹುಟ್ಟಿದ ಮಾಯೆಯು ಅವರನ್ನು ವಶಪಡಿಸಿಕೊಳ್ಳಲು ಹವಣಿಸುತ್ತಾಳೆ. ಅವರು ಮಧುಕೇಶ್ವರನ ಸನ್ನಿಧಿಯಲ್ಲಿ ಮದ್ದಳೆ ಬಾರಿಸುತ್ತಾರೆ; ಆದರೆ ಅವಳ ಕೈಗೆ ಸಿಕ್ಕುವುದಿಲ್ಲ. ಹೆಸರುಗಳೇ ಹೇಳುವಂತೆ ಇಲ್ಲಿ ಇಡೀ ಚರಿತ್ರೆಯು ಮನುಷ್ಯನ ಅಂತರಂಗದ ಹೋರಾಟದ ರೂಪಕವಾಗಿದೆ. ಈ ಕಾವ್ಯದ ಕೀರ್ತಿ ಕನ್ನಡ ನಾಡಿಗಷ್ಟೇ ಸೀಮಿತವಾಗಲಿಲ್ಲ. 17ನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ಇದನ್ನು ತಮಿಳಿಗೆ ತಂದರು.

ಭಕ್ತಮಂಡಲಿಯಲ್ಲಿ ಚಾಮರಸನ ಚಿತ್ರವೇ ಹೆಚ್ಚು ಪ್ರಚಾರದಲ್ಲಿದೆ. ಆರಾಧ್ಯ ಪುರುಷರನ್ನು ಕಳಂಕವಿಲ್ಲದವರನ್ನಾಗಿ ಕಾಣಬೇಕೆಂಬ ಆಸೆ ಸಹಜವಾದುದು, ಅದನ್ನು ಆಕ್ಷೇಪಿಸುವಂತಿಲ್ಲ. ಮಾಯೆಯೆಂಬುದು ಹೊರಗಿನ ಹೆಣ್ಣಲ್ಲ, ಮನದ ಮುಂದಣ ಆಸೆಯೇ ಎಂಬ ಶರಣರ ಅರಿವಿಗೆ ಚಾಮರಸನ ರೂಪಕವು ಕನ್ನಡಿ ಹಿಡಿಯುತ್ತದೆ. ಆದರೂ ಒಂದು ಮಾತನ್ನು ವಿನಯದಿಂದ ಅರಿಕೆ ಮಾಡಬೇಕಾಗಿದೆ. ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳ ನಡುವೆ ತಾಯಿಯನ್ನು ಕಳೆದುಕೊಂಡವರಿರುತ್ತಾರೆ, ಅಣ್ಣನನ್ನು ಕಳೆದುಕೊಂಡವರಿರುತ್ತಾರೆ. ಎಂದೂ ಅಳದ ಗುರುವಿನ ಕಥೆಯು ಆ ಮಗುವಿನಲ್ಲಿ ಭಕ್ತಿಯನ್ನು ಹುಟ್ಟಿಸೀತು. ಅತ್ತು, ಅಲೆದು, ಅನಂತರ ಅರಿತ ಗುರುವಿನ ಕಥೆಯು ಅದಕ್ಕೆ ಜೊತೆಯಾದೀತು. ನಮ್ಮ ಪೂರ್ವಜರು ಎರಡು ಕಾವ್ಯಗಳನ್ನೂ ಉಳಿಸಿಕೊಂಡು ಬಂದಿದ್ದಾರೆ. ಒಂದಕ್ಕಾಗಿ ಇನ್ನೊಂದನ್ನು ಸುಟ್ಟುಹಾಕಲಿಲ್ಲ. ನಾವೂ ಎರಡನ್ನೂ ಮಕ್ಕಳಿಗೆ ಹೇಳಬೇಕು.

ಲಿಂಗವನ್ನು ಪಡೆದ ಮೇಲಿನ ಪ್ರಭುದೇವರ ಚರಿತ್ರೆಗೆ ಶೂನ್ಯಸಂಪಾದನೆಯೇ ಮುಖ್ಯ ಆಕರ. ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಹೊಂದಿಸಿ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಈ ಗ್ರಂಥವನ್ನು ರೂಪಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ತಮ್ಮ ತಮ್ಮ ದೃಷ್ಟಿಗೆ ಅನುಸಾರವಾಗಿ ಅದನ್ನು ಪರಿಷ್ಕರಿಸಿದರು. ಕಲ್ಯಾಣದ ಕಾಲಕ್ಕೂ ಈ ಸಂಕಲನಗಳಿಗೂ ಶತಮಾನಗಳ ಅಂತರವಿದೆ. ಆದಕಾರಣ ಇವುಗಳನ್ನು ದಿನಚರಿಯಂತೆ ಓದಬಾರದು. ಪ್ರಭುದೇವರ ಬಾಳನ್ನು ಅರ್ಥಮಾಡಿಕೊಳ್ಳಲು ಹೊರಟ ಹಿರಿಯರು ಉಪದೇಶದ ಗ್ರಂಥವನ್ನು ಬರೆಯದೆ, ಪ್ರಶ್ನೋತ್ತರದ ಗ್ರಂಥವನ್ನೇ ಕಟ್ಟಿದರೆಂಬುದು ಇಲ್ಲಿ ಗಮನಾರ್ಹ. ಪ್ರಾಚೀನ ಗ್ರೀಸ್ ದೇಶದಲ್ಲಿ ಸಾಕ್ರೆಟೀಸನು ಅಥೆನ್ಸಿನ ಬೀದಿಗಳಲ್ಲಿ ಪ್ರಶ್ನೆ ಕೇಳುತ್ತ ನಡೆದಂತೆ, ಪ್ರಭುದೇವರು ಕನ್ನಡ ನಾಡಿನ ಊರೂರುಗಳಲ್ಲಿ ಪ್ರಶ್ನಿಸುತ್ತ ನಡೆದರು.

ಹೀಗೆ ನಡೆದ ಪ್ರಭುದೇವರಿಗೆ ತೋಟಿಗನಾದ ಗೊಗ್ಗಯ್ಯನು ಎದುರಾಗುತ್ತಾನೆ. ಮಣ್ಣನ್ನು ಹದಮಾಡಿ ಬೆಳೆ ತೆಗೆಯುವವನೊಡನೆ ಅವರು ಮಾತನಾಡುವುದು ತೋಟದ ಮಾತನ್ನೇ. ದೇಹವೇ ತೋಟ, ಮನವೇ ಗುದ್ದಲಿ ಎಂಬಂತೆ ಅವನ ಕಾಯಕದ ನುಡಿಯಲ್ಲಿಯೇ ಅಂತರಂಗದ ಕೃಷಿಯನ್ನು ತಿಳಿಸುತ್ತಾರೆ. ಮುಂದೆ ಮುಕ್ತಾಯಕ್ಕನ ಭೇಟಿ. ಅವಳ ಅಣ್ಣ ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಗುಪ್ತವಾಗಿ ಬಾಳಿದವನು. ಬಾಗಿಲ ಮೇಲಿನ ತೊಲೆ ತಲೆಗೆ ಬಡಿದು ಅವನು ಲಿಂಗೈಕ್ಯನಾದನು. ಅಣ್ಣನಷ್ಟೇ ಅಲ್ಲ, ಅವಳ ಪಾಲಿಗೆ ಗುರುವೂ ಅವನೇ ಆಗಿದ್ದನು. ಅಣ್ಣನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಅವಳು ಗೋಳಿಡುತ್ತಿದ್ದಾಗ ಪ್ರಭುದೇವರು ಅಲ್ಲಿಗೆ ಬಂದರು.

ಮುಕ್ತಾಯಕ್ಕನೊಡನೆ ನಡೆದ ಈ ಸಂವಾದವು ಶೂನ್ಯಸಂಪಾದನೆಯ ಅತ್ಯಂತ ಹೃದಯಸ್ಪರ್ಶಿಯಾದ ಭಾಗ. ಬಯಲಾದವನಿಗೆ ಸಾವೆಲ್ಲಿಯದು ಎಂಬ ಧಾಟಿಯಲ್ಲಿ ಪ್ರಭುದೇವರು ಅವಳನ್ನು ಎಚ್ಚರಿಸಲು ಯತ್ನಿಸುತ್ತಾರೆ. ಆದರೆ ಮುಕ್ತಾಯಕ್ಕನು ಸುಲಭವಾಗಿ ಒಪ್ಪುವವಳಲ್ಲ. ಅರಿವು ನೆಲೆಗೊಂಡಲ್ಲಿ ಮಾತು ಅಡಗಬೇಕಲ್ಲವೇ, ಇಷ್ಟು ಮಾತನಾಡುವ ನಿನ್ನಲ್ಲಿ ಅದು ಅಡಗಿದೆಯೇ ಎಂದು ಅವಳು ಎದುರು ಸವಾಲನ್ನೇ ಹಾಕುತ್ತಾಳೆ. ಪ್ರಭುದೇವರು ಸಿಟ್ಟಾಗುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ. ಅಳುವ ಹೆಣ್ಣಿಗೆ ತತ್ತ್ವವೇಕೆಂದು ಉಪೇಕ್ಷಿಸದೆ, ಅವಳ ಒಂದೊಂದು ಸಂಶಯಕ್ಕೂ ಸಮಾನಸ್ಕಂಧರಿಗೆ ಕೊಡುವ ಉತ್ತರವನ್ನೇ ಕೊಡುತ್ತಾರೆ. ಹರಿಹರನ ಕಥೆಯನ್ನು ಬಲ್ಲ ವಾಚಕರಿಗೆ ಇಲ್ಲಿ ಮತ್ತೊಂದು ಅರ್ಥ ಹೊಳೆಯದಿರದು. ಪ್ರೀತಿಯ ಜೀವವೊಂದರ ಅಗಲಿಕೆಯಿಂದ ಮರುಳಾಗಿ ಅಲೆದಿದ್ದ ಒಬ್ಬರು, ಅದೇ ಅವಸ್ಥೆಯಲ್ಲಿರುವ ಇನ್ನೊಬ್ಬರ ಬಳಿ ಬಂದು ಕುಳಿತಿದ್ದಾರೆ. ತಾನು ದುಃಖಪಟ್ಟವನೇ ಪರರ ದುಃಖದ ಮುಂದೆ ಇಷ್ಟು ತಾಳ್ಮೆಯಿಂದ ಇರಬಲ್ಲನು.

ಅಲ್ಲಿಂದ ಅವರು ಸೊನ್ನಲಿಗೆಗೆ, ಎಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಹೋದರು. ಸಿದ್ಧರಾಮ ಶಿವಯೋಗಿಗಳು ಅಲ್ಲಿ ಕೆರೆಗಳನ್ನು ತೋಡಿಸಿ, ಗುಡಿಗಳನ್ನು ಕಟ್ಟಿಸಿ, ಜನರ ದಾಹವನ್ನೂ ಹಸಿವನ್ನೂ ಹಿಂಗಿಸುತ್ತಿದ್ದರು. ಪ್ರಭುದೇವರು ಅವರನ್ನು ಒಡ್ಡನೆಂದು ಕೂಗಿ ಕರೆದರಂತೆ. ಕೆರಳಿದ ಕೆಲಸಗಾರರು ಕಲ್ಲು ತೂರಿದರು. ತೂರಿದ ಕಲ್ಲುಗಳು ಪ್ರಭುದೇವರನ್ನು ತಾಕದೆ ಸುತ್ತಲೂ ರಾಶಿಬಿದ್ದವೆಂದು ಕಥೆ. ಹೊರಗಿನ ಕೆರೆಯನ್ನು ತೋಡುವಾತನು ತನ್ನೊಳಗಿನ ಕೆರೆಯನ್ನು ತೋಡಿದ್ದಾನೆಯೇ ಎಂಬುದು ಅವರ ಪ್ರಶ್ನೆಯ ತಿರುಳು. ಯಲಹಂಕ, ಹೆಬ್ಬಾಳ, ಜಕ್ಕೂರುಗಳ ಕೆರೆಗಳ ನೀರುಂಡು ಬೆಳೆದ ಈ ಸೀಮೆಯ ನಮಗೆ ಕೆರೆ ಕಟ್ಟಿಸುವುದು ಎಂಥ ಪುಣ್ಯಕಾರ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪ್ರಭುದೇವರು ಆ ಕಾರ್ಯವನ್ನು ಹಳಿದರೆಂದು ತಿಳಿಯಕೂಡದು. ಒಳ್ಳೆಯ ಕೆಲಸವು ನಾನು ಮಾಡಿದೆನೆಂಬ ಹಮ್ಮಿಗೆ ಆಶ್ರಯವಾಗಬಾರದೆಂಬುದು ಅವರ ಎಚ್ಚರಿಕೆ. ಸಿದ್ಧರಾಮರ ಹಿರಿಮೆಯೂ ಇಲ್ಲಿಯೇ ಇದೆ. ಮೊದಲು ಕೋಪಗೊಂಡ ಅವರು ಪ್ರಶ್ನೆಯ ಮರ್ಮವನ್ನರಿತು, ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದು, ಅಲ್ಲಿ ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರು.

ಆಗ ಕಲ್ಯಾಣದಲ್ಲಿ ಕಲಚುರಿ ಬಿಜ್ಜಳನ ಆಳ್ವಿಕೆ. ಬಸವಣ್ಣನವರು ಅವನ ಭಂಡಾರಿಗಳು. ಅವರ ಮಹಾಮನೆಯ ಸುತ್ತ ಮಡಿವಾಳ, ಅಂಬಿಗ, ನುಲಿಯ ಕಾಯಕದವರು, ಹೆಂಡದ ಅಂಗಡಿಯನ್ನು ಬಿಟ್ಟು ಬಂದವರು, ಅಕ್ಕಿ ಆಯುವವರು ಒಟ್ಟುಗೂಡಿ ಬದುಕಿನ ಅರ್ಥವನ್ನು ಕುರಿತು ಅನುಭಾವ ಗೋಷ್ಠಿ ನಡೆಸುತ್ತಿದ್ದರು. ಆ ಗೋಷ್ಠಿಯಲ್ಲಿ ಪ್ರಭುದೇವರು ಬಸವಣ್ಣನವರನ್ನೂ ಪ್ರಶ್ನಿಸದೆ ಬಿಡಲಿಲ್ಲ. ಉಡುತಡಿಯಿಂದ ಎಲ್ಲವನ್ನೂ ತೊರೆದು ಬಂದ ಅಕ್ಕಮಹಾದೇವಿಯವರನ್ನು ಅವರು ಕೇಳಿದ ಪ್ರಶ್ನೆಗಳು ಇಂದಿಗೂ ಕಠೋರವೆನ್ನಿಸುತ್ತವೆ. ಪತಿ ಯಾರು, ಬಟ್ಟೆಯನ್ನು ತೊರೆದ ಮೇಲೆ ಕೂದಲನ್ನು ಮರೆಮಾಡಿಕೊಂಡುದೇಕೆ ಎಂದು ತುಂಬಿದ ಸಭೆಯಲ್ಲಿ ಅವರು ಕೇಳುತ್ತಾರೆ. ಅಕ್ಕನವರು ಅಳುಕದೆ ಉತ್ತರಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಪ್ರಭುದೇವರು ಅವರ ಹಿರಿಮೆಯನ್ನು ಸಭೆಯ ಮುಂದೆಯೇ ಕೊಂಡಾಡಿದರು. ಪರೀಕ್ಷಿಸುವ ಗುರುವು ಗೆದ್ದ ಶಿಷ್ಯೆಗೆ ಮನಸಾರೆ ತಲೆದೂಗಬೇಕೆಂಬ ಪಾಠವು ಅಧ್ಯಾಪಕರಾದ ನಮಗೆ ಇಲ್ಲಿ ದೊರೆಯುತ್ತದೆ.

ಪ್ರಭುದೇವರ ಮಾತೇ ಕೊನೆಯ ಮಾತಾಗಿತ್ತೆಂದೂ ಭಾವಿಸಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಶರಣ. ಪ್ರಭುದೇವರೊಡನೆ ಅನುಭಾವದಲ್ಲಿ ಮೈಮರೆತ ಅವನಿಗೆ ಕಾಯಕವು ನಿಂತುಹೋದುದನ್ನು ನೆನಪಿಸಿದವಳು ಮಡದಿ ಲಕ್ಕಮ್ಮ. ಇನ್ನೊಮ್ಮೆ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮೀರಿದುದು ಆಸೆಯ ಗುರುತೆಂದು ತಿಳಿಹೇಳಿ, ಇದ್ದಲ್ಲಿಯೇ ಸುರಿದು ಬರುವಂತೆ ಅವಳು ಹಿಂದಕ್ಕೆ ಕಳುಹಿದಳು. ಎತ್ತರದ ತತ್ತ್ವವನ್ನು ಅನ್ನದ ಲೆಕ್ಕಕ್ಕೆ ತಂದು ನಿಲ್ಲಿಸುವ ಲಕ್ಕಮ್ಮನಂಥವರು ಆ ಸಭೆಯಲ್ಲಿದ್ದುದರಿಂದಲೇ ಕಲ್ಯಾಣದ ಜಿಜ್ಞಾಸೆಯು ಬರಿಯ ವಾಗ್ವಿಲಾಸವಾಗಲಿಲ್ಲ.

ಕಲ್ಯಾಣವೊಂದರಲ್ಲಿಯೇ ನಿಲ್ಲದೆ ಪ್ರಭುದೇವರು ಮತ್ತೆ ಸಂಚಾರಕ್ಕೆ ಹೊರಟರು. ಆಗ ಎದುರಾದವನು ಗೋರಕ್ಷ. ಯೋಗಸಾಧನೆಯಿಂದ ಅವನು ತನ್ನ ಕಾಯವನ್ನು ವಜ್ರದಂತೆ ಮಾಡಿಕೊಂಡಿದ್ದನು. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಅದೇ ಕತ್ತಿಯನ್ನು ಪ್ರಭುದೇವರ ಮೇಲೆ ಬೀಸಿದಾಗ ಅದು ಗಾಳಿಯಲ್ಲಿ ಹಾದುಹೋದಂತೆ ಹಾದುಹೋಯಿತು. ಮೃತ್ಯುವಿನ ಭಯಕ್ಕೆ ಮನುಷ್ಯನು ಕಂಡುಕೊಳ್ಳುವ ಎರಡು ಪರಿಹಾರಗಳು ಈ ಕಥೆಯಲ್ಲಿ ಎದುರುಬದುರಾಗಿ ನಿಂತಿವೆ. ಗೋರಕ್ಷನು ತನ್ನನ್ನು ಗಟ್ಟಿಮಾಡಿಕೊಂಡು ಸಾವನ್ನು ಹೊರಗೇ ನಿಲ್ಲಿಸಿದನು. ಪ್ರಭುದೇವರಲ್ಲಿ ಸಾವು ತಾಕಲು ಬೇಕಾದ ನಾನು ಎಂಬ ಗಂಟೇ ಉಳಿದಿರಲಿಲ್ಲ. ಶರಣರು ಶೂನ್ಯವೆಂದೂ ಬಯಲೆಂದೂ ಕರೆದುದು ಈ ಸ್ಥಿತಿಯನ್ನು. ಏನೂ ಇಲ್ಲವೆಂಬ ನಿರಾಶೆ ಅದರ ಅರ್ಥವಲ್ಲ. ಎಲ್ಲಕ್ಕೂ ಎಡೆಯಿದೆಯೆಂಬುದೇ ಅದರ ಅರ್ಥ.

ಸಂಚಾರವನ್ನು ಮುಗಿಸಿ ಮರಳಿದ ಪ್ರಭುದೇವರು ಬಸವಣ್ಣನವರು ಅವರಿಗಾಗಿಯೇ ಸಿದ್ಧಪಡಿಸಿದ್ದ ಶೂನ್ಯಸಿಂಹಾಸನವನ್ನು ಏರಿದರೆಂದು ಶೂನ್ಯಸಂಪಾದನೆಯು ವರ್ಣಿಸುತ್ತದೆ. ಮುಂದೆ, 1167-68ರ ಸುಮಾರಿನಲ್ಲಿ, ಕಲ್ಯಾಣದಲ್ಲಿ ವಿಪ್ಲವವಾಯಿತು. ಬಿಜ್ಜಳನ ಆಳ್ವಿಕೆ ಕೊನೆಗೊಂಡಿತು, ಶರಣರು ಚದುರಿಹೋದರು. ಪ್ರಭುದೇವರು ಶ್ರೀಶೈಲದ ಕದಳಿಯ ವನದಲ್ಲಿ ಬಯಲಾದರೆಂಬುದು ಪರಂಪರೆಯ ನಂಬಿಕೆ.

ಅವರು ಬಿಟ್ಟುಹೋದ ಆಸ್ತಿಯೆಂದರೆ ವಚನಗಳು. ಇಂದು 1,600ಕ್ಕೂ ಮೇಲ್ಪಟ್ಟ ವಚನಗಳು ಅವರ ಅಂಕಿತದಲ್ಲಿ ಸಂಗ್ರಹವಾಗಿವೆ. ಅವುಗಳಲ್ಲಿ ಹಲವು ಬೆಡಗಿನ ವಚನಗಳು. ಒಗಟಿನಂತೆ ತೋರುವ ಅವುಗಳಿಗೆ ಹಿಂದಿನವರು ಟೀಕೆಗಳನ್ನು ಬರೆದಿದ್ದಾರೆ. ಬದುಕೇ ತೊಡಕಿನದಾದಾಗ ಅದನ್ನು ಕುರಿತ ಮಾತು ಪೂರ್ಣ ಸರಳವಾಗಿರುವುದು ಸಾಧ್ಯವಿಲ್ಲ. ಬೆಡಗಿನ ವಚನವು ಓದುಗನಿಗೆ ಸಿದ್ಧವಾದ ಉತ್ತರವನ್ನು ನೀಡದೆ ಅವನನ್ನೇ ವಿಚಾರಕ್ಕೆ ಹಚ್ಚುತ್ತದೆ. 20ನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಕೂಡಿಹಾಕಿ ವಚನಗಳನ್ನು ಅಚ್ಚಿಗೆ ತಂದರು. ಅವರ ವಚನಶಾಸ್ತ್ರಸಾರವು 1923ರಲ್ಲಿ ಪ್ರಕಟವಾಯಿತು. 1960ರಲ್ಲಿ ಎಲ್. ಬಸವರಾಜು ಅವರ ಅಲ್ಲಮನ ವಚನಚಂದ್ರಿಕೆ ಹೊರಬಂದಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಜನಸಾಮಾನ್ಯರ ಕೈಗೆ ಎಟಕುವಂತೆ ಮಾಡಿತು. ಪ್ರಭುದೇವರನ್ನು ಅರಿಯಲು ಇಚ್ಛಿಸುವ ವಿದ್ಯಾರ್ಥಿಗೆ ಇಂದು ಗ್ರಂಥದ ಕೊರತೆಯಿಲ್ಲ. ಬೇಕಾದುದು ಬಿಡುವು ಮತ್ತು ಧೈರ್ಯ.

ಈ ಸಂಸ್ಥೆಯ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಎಲ್ಲರೂ ಈ ಮಹಾನುಭಾವರ ಚರಿತ್ರೆಯಿಂದ ಪಡೆಯಬೇಕಾದುದೇನು? ಬಳ್ಳಿಗಾವೆಯ ಮಠವು ಅನ್ನವನ್ನೂ ವಿದ್ಯೆಯನ್ನೂ ಔಷಧವನ್ನೂ ಧಾರಾಳವಾಗಿ ನೀಡಿತು. ಅದೇ ಊರಿನ ಒಬ್ಬ ಮದ್ದಳೆಗಾರನ ಎದೆಯ ಪ್ರಶ್ನೆಗೆ ಉತ್ತರವು ಊರ ಹೊರಗಿನ ಮಣ್ಣಿನಡಿಯಲ್ಲಿ ದೊರೆಯಿತು. ಹಾಗೆಂದು ಮಠದ ದಾನವು ವ್ಯರ್ಥವಾಯಿತೇ? ಇಲ್ಲ. ಪ್ರಭುದೇವರ ವಚನಗಳಲ್ಲಿ ಯೋಗದ, ಆಗಮದ, ದರ್ಶನಗಳ ಪರಿಭಾಷೆಯೆಲ್ಲ ತುಂಬಿ ತುಳುಕುತ್ತಿದೆ. ಆ ನುಡಿಗಳು ದಿನವೂ ಕಿವಿಗೆ ಬೀಳುತ್ತಿದ್ದ ಊರಿನಲ್ಲಿ ಬೆಳೆಯದಿದ್ದರೆ ಅವರು ತಮ್ಮ ಪ್ರಶ್ನೆಯನ್ನು ಅಷ್ಟು ಸ್ಫುಟವಾಗಿ ಕೇಳಲು ಸಾಧ್ಯವಾಗುತ್ತಿತ್ತೇ? ವಿದ್ಯಾಸಂಸ್ಥೆಯು ಬದುಕಿನ ಅರ್ಥವನ್ನು ಮಗುವಿನ ಕೈಗೆ ಕೊಡಲಾರದು. ಅದನ್ನು ಕೇಳುವುದಕ್ಕೆ ಬೇಕಾದ ಮಾತನ್ನೂ ಮನೋಬಲವನ್ನೂ ಕೊಡಬಲ್ಲುದು. ಮುಕ್ತಾಯಕ್ಕನಂತೆ ಎದುರು ಪ್ರಶ್ನೆ ಹಾಕುವ ವಿದ್ಯಾರ್ಥಿಯನ್ನು ಉದ್ಧಟನೆಂದು ಕೂರಿಸದೆ, ಪ್ರಭುದೇವರಂತೆ ತಾಳ್ಮೆಯಿಂದ ಉತ್ತರಿಸುವ ಅಧ್ಯಾಪಕರು ಇರುವವರೆಗೆ, ಲಕ್ಕಮ್ಮನಂತೆ ಶುದ್ಧವಾದ ಮನಸ್ಸಿನಿಂದ ದಾಸೋಹಕ್ಕೆ ನೀಡುವ ದಾನಿಗಳು ಇರುವವರೆಗೆ, ಶೂನ್ಯಸಿಂಹಾಸನದ ಪರಂಪರೆ ಬರಿದಾಗದು. ಅಂಥ ಅಧ್ಯಾಪಕರನ್ನೂ ದಾನಿಗಳನ್ನೂ ಈ ಶಾಲೆಯು ಮುಂದೆಯೂ ಪಡೆಯಲಿ ಎಂದು ಹಾರೈಸುತ್ತ, ಪ್ರಭುದೇವರ ಚರಣಗಳಿಗೆ ಭಕ್ತಿಪೂರ್ವಕ ಶರಣು ಸಮರ್ಪಿಸುತ್ತೇವೆ.